ಸಾಹೇಬನ ನೀರಡಿಕೆ

ಸಾಲಿ ಬಿಟ್ಟು ನಿಜಾಮರ ಮುಲುಕಿನಾಗ ಗಾಡಿ ಹೊಡಕೊಂಡು ತಿರುಗುತ್ತಿದ್ದೆ. ಕುರಾನಿನ ಮ್ಯಾಲ ಪುಸ್ತಕ ಬರೆಯುತ್ತಿದ್ದ ಬಿಳಿ ಸಾಹೇಬನೊಬ್ಬ ನಿಲಂಗಾದಾಗ ಹತ್ತಿದ. ಉದಗೀರದವರೆಗೂ ತನ್ನೂರಿನ ಹೊಳೆ, ಅಲ್ಲಿಯ ಮುಗಿಯದ ಮಳೆ, ಇದೇ ಮಾತು.

ಉದಗೀರದ ಮಸೀದಿಯ ಬಾವಿಕಟ್ಟೆಯ ಮ್ಯಾಲ ಕೂತು ಅಂವಾ ಅಲ್ಲಿಯ ಮೌಲವಿಗೆ ಅಂದ: "ಸ್ವರ್ಗದ ತೋಟದ ಕೆಳಗ ನದಿ ಹರೀತಾವ ಅಂತದ ನಿಮ್ಮ ಗ್ರಂಥ. ಮರಳುಗಾಡಿನ ಮಂದಿ ನೀರಡಿಸಿ ಕಂಡ ಕನಸದು. ಹಂಗೇ ಬರೀತೀನಿ."

ಮೌಲವಿ ತಂಬಿಗೆ ತುಂಬಿ ನೀರು ಕೊಟ್ಟರು. "ಹಂಗ ಬರೀಬ್ಯಾಡ್ರಿ, ಸಾಹೇಬ. ನಮ್ಮ ಬಾವಿ ಎಂದೂ ಬತ್ತಿಲ್ಲ. ಆದ್ರೂ ಅದನ್ನ ಓದುವಾಗ ನನ್ನ ಕಣ್ಣು ತುಂಬ್ತಾವ."

ಸಾಹೇಬ ನೀರು ಕುಡಿದು, ನಕ್ಕು, ತಾ ಅಂದದ್ದನ್ನೇ ಬರೆದುಕೊಂಡ.

ಮರಳುವಾಗ ಮಂಜು ಕವಿದು, ನನ್ನ ಎತ್ತಿನ ಗೆಜ್ಜೆಯೇ ಬ್ಯಾರೆ ಯಾವುದೋ ಊರಿಂದ ಕೇಳಿದಂಗಿತ್ತು. ಹಿಂದ ಸಾಹೇಬ ನಿದ್ದೆಯೊಳಗ ತನ್ನೂರ ಹೊಳೆಯ ಹೆಸರು ಹಿಡಿದು ಕರೆಯುತ್ತಿದ್ದ. ಅವನ ಊರಾಗ ಮರಳುಗಾಡು ಅದ ಅಂತ ಮಾತ್ರ ಅಂವಾ ಎಂದೂ ಹೇಳಿರಲಿಲ್ಲ.