ಒಂದೇ ಫೋಟೋ ಸಾಕು ಅಂದರು

ಮದುವೆಯಾಗಿ ಹಾನುಬಾಳಿನ ಹತ್ತಿರದ ಆ ಮನೆಗೆ ಬಂದಾಗ ನನಗೆ ಇಪ್ಪತ್ತೆರಡು. ನನ್ನ ಓರಗಿತ್ತಿಗೆ ಮೂವತ್ತು ದಾಟಿತ್ತು. ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅಕ್ಕ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು, ನಾನು ಹಾಸನದಲ್ಲಿ ಬಿ.ಎ. ಮಾಡಿದವಳು. ಇಬ್ಬರಿಗೂ ವಾರಪತ್ರಿಕೆಗಳ ಹುಚ್ಚು.

ಕಾಫಿ ಒಣಗಿಸುವ ದಿನಗಳಲ್ಲಿ ಮಧ್ಯಾಹ್ನವೆಲ್ಲ ಯಾರಾದರೊಬ್ಬರು ಕಣದ ಮೇಲೆ ಕಣ್ಣಿಟ್ಟು ಜಗಲಿಯಲ್ಲಿ ಕೂತಿರಬೇಕಿತ್ತು. ಹಾಗೆ ಕೂತು ನಾನೊಂದು ಕತೆ ಶುರು ಮಾಡಿದ್ದೆ. ಒಂದು ದಿನ ಸ್ನಾನ ಮುಗಿಸಿ ಬರುವಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಮುಂದಿನ ಎರಡು ಪುಟ ತುಂಬಿದ್ದವು. ಅಕ್ಕನ ಅಕ್ಷರ, ಗುಂಡಗೆ, ಸಾಲಿಗೆ ಐದೇ ಪದ.

"ನೀನು ಆ ಹೆಂಗಸ್ನ ಬಾಗ್ಲಲ್ಲೇ ನಿಲ್ಸಿದ್ದೆ. ಪಾಪ ಅಂತ ಒಳಕ್ಕೆ ಕರ್ಕಂಡೆ ಕಣೆ" ಅಂದರು.

ನನಗೆ ಮೊದಲು ಸಿಟ್ಟು ಬಂತು. ಓದಿದ ಮೇಲೆ ಸಿಟ್ಟು ಉಳಿಯಲಿಲ್ಲ. ಅಲ್ಲಿಂದ ಮುಂದೆ ಹಾಗೆಯೇ ನಡೆಯಿತು. ನಾನೊಂದಿಷ್ಟು, ಅಕ್ಕ ಒಂದಿಷ್ಟು. ನಮ್ಮಿಬ್ಬರ ಹೆಸರಿನಿಂದ ಒಂದೊಂದು ತುಂಡು ತೆಗೆದು ಜೋಡಿಸಿ ಒಂದು ಹೆಸರು ಮಾಡಿಕೊಂಡೆವು. ಆ ಹೆಸರಿನಲ್ಲಿ ಏಳೆಂಟು ವರ್ಷ ಪತ್ರಿಕೆಗಳಲ್ಲಿ ಕತೆಗಳು ಬಂದವು. ಅಚ್ಚಿಗೆ ಕಳಿಸುವ ಪ್ರತಿಯನ್ನು ನಾನೇ ಮಾಡುತ್ತಿದ್ದೆ. ನೋಟ್‌ಬುಕ್ಕುಗಳು ಮಾತ್ರ ಇಬ್ಬರ ಕೈಬರಹ ಹೊತ್ತುಕೊಂಡು ಅಕ್ಕನ ಟ್ರಂಕಿನಲ್ಲಿರುತ್ತಿದ್ದವು.

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ಪ್ರಕಾಶಕರೊಬ್ಬರು ಪುಸ್ತಕ ಮಾಡುತ್ತೇವೆಂದು ಬರೆದರು. ಡಿಟಿಪಿ ಮಾಡಿಸಿ ಫ್ಲಾಪಿ ಕಳಿಸಿ, ಜೊತೆಗೆ ಲೇಖಕಿಯ ಫೋಟೋ ಇರಲಿ ಎಂದಿದ್ದರು. ಸಕಲೇಶಪುರದ ಬಸ್‌ಸ್ಟ್ಯಾಂಡ್ ಎದುರು ಒಬ್ಬಾಕೆ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಪಾಂಪ್ಲೆಟ್ ಟೈಪ್ ಮಾಡುತ್ತಿದ್ದಳು. ಅವಳಿಂದಲೇ ಮಾಡಿಸಿ ಪ್ರಿಂಟ್ ತಂದೆವು.

ಅಕ್ಕ ಹಾಳೆಗಳನ್ನು ತಿರುವಿ ತಿರುವಿ ನೋಡಿದರು.

"ನಿಂದ್ಯಾವ್ದು ನಂದ್ಯಾವ್ದು ಗೊತ್ತೇ ಆಗಲ್ವಲ್ಲೇ."

"ಒಬ್ರೇ ಬರ್ದಂಗೈತೆ. ಅದೇ ಚಂದ ಅಲ್ವಾ ಅಕ್ಕ?" ಅಂದೆ.

ಅವರು ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು.

ಹಾನುಬಾಳಿನ ಎಸ್‌ಟಿಡಿ ಬೂತಿನಿಂದ ಪ್ರಕಾಶಕರಿಗೆ ಫೋನ್ ಮಾಡಿ, ನಾವು ಇಬ್ಬರು, ಇಬ್ಬರದ್ದೂ ಫೋಟೋ ಕಳಿಸುತ್ತೇವೆ ಎಂದೆ. ಅವರು, "ಹೆಸರು ಒಂದೇ ಇದೆಯಲ್ಲಮ್ಮ. ಎರಡು ಮುಖ ಹಾಕಿದರೆ ಓದುಗರಿಗೆ ಗೊಂದಲ ಆಗುತ್ತೆ. ಒಂದೇ ಫೋಟೋ ಸಾಕು" ಅಂದರು.

ಬೂತಿನ ಹೊರಗೆ ನಿಂತಿದ್ದ ಅಕ್ಕನಿಗೆ ಹೇಳಿದೆ. "ನಿಂದೇ ಕಳ್ಸು. ನೀನು ಓದಿರೋಳು" ಅಂದುಬಿಟ್ಟರು. ಇನ್ನೊಂದು ಸಲ ಒತ್ತಾಯ ಮಾಡಬಹುದಿತ್ತು. ನಾನು ಮಾಡಲಿಲ್ಲ. ಮರುದಿನವೇ ಸ್ಟುಡಿಯೋಗೆ ಹೋಗಿ ಕೂತೆ.

ಪುಸ್ತಕ ಬಂತು. ಹಿಂದಿನ ರಟ್ಟಿನಲ್ಲಿ ನನ್ನ ಮುಖ. ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ ಜನ ಗುರುತು ಹಿಡಿದು ಮಾತಾಡಿಸುತ್ತಿದ್ದರು. ಮೊದಮೊದಲು "ನಮ್ಮಕ್ಕನೂ ಬರೀತಾರೆ" ಅನ್ನುತ್ತಿದ್ದೆ. ಆಮೇಲೆ ಅದನ್ನು ಹೇಳುವುದು ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ.

ಮರುವರ್ಷ ಸಕಲೇಶಪುರದ ಮಹಿಳಾ ಸಮಾಜದವರು ಮಾತಾಡಲು ಕರೆದರು. ಅಕ್ಕನೂ ಜೊತೆಗೆ ಬಂದು ಮೂರನೇ ಸಾಲಿನಲ್ಲಿ ಕೂತರು. ಒಬ್ಬ ಹೆಂಗಸು ಎದ್ದು ಪುಸ್ತಕದ ಒಂದು ಪ್ರಸಂಗದ ಬಗ್ಗೆ ಕೇಳಿದಳು. ತವರಿಗೆ ಬಂದ ಹೆಣ್ಣು ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕುತ್ತಾಳೆ. ಅತ್ತಿಗೆ ಅದನ್ನು ಬೇರೆ ಕಡೆ ಇಟ್ಟಿದ್ದಾಳೆ. ಉಪ್ಪು ಎಲ್ಲಿದೆ ಎಂದು ಕೇಳಬೇಕಾಗಿ ಬಂದಾಗ, ತಾನು ಈ ಮನೆಗೆ ನೆಂಟಳಾದೆ ಎಂದು ಅವಳಿಗೆ ಗೊತ್ತಾಗುತ್ತದೆ. "ಅದು ಹೆಂಗೆ ಹೊಳೀತು ನಿಮ್ಗೆ? ಓದಿ ಅತ್ತುಬಿಟ್ಟೆ ಕಣ್ರೀ" ಅಂದಳು.

ನಾನು ಒಂದಿಷ್ಟೂ ತಡವರಿಸದೆ ಉತ್ತರ ಕೊಟ್ಟೆ. ಕುಂದೂರಿನ ಕಡೆಯ ನನ್ನ ತವರು, ಅಲ್ಲಿಯ ಅಡಿಗೆಮನೆ, ನನಗಾದ ಸಂಕಟ. ಚಪ್ಪಾಳೆ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಮೆತ್ತಗೆ ಕೇಳಿದರು: "ನಿನ್ನ ತವರಲ್ಲಿ ನಿಮ್ಮವ್ವ ಇನ್ನೂ ಗಟ್ಟಿಮುಟ್ಟಾಗವ್ರೆ. ಅಡಿಗೆಮನೆ ಅವ್ರ ಕೈಲೇ ಐತೆ. ಉಪ್ಪಿನ ಡಬ್ಬೀನ ಯಾರು ಎತ್ತಿಟ್ರೇ ನಿಂಗೆ?"

ಮನೆಗೆ ಬಂದವಳೇ ಟ್ರಂಕು ತೆಗೆದು ನೋಟ್‌ಬುಕ್ಕು ಹುಡುಕಿದೆ. ಆ ಪ್ರಸಂಗ ಪೂರ್ತಿ ಗುಂಡಗಿನ ಅಕ್ಷರದಲ್ಲಿತ್ತು. ನನ್ನದೊಂದು ಕೊಂಬು, ಒಂದು ಒತ್ತು ಕೂಡ ಅದರಲ್ಲಿ ಇರಲಿಲ್ಲ. ವೇದಿಕೆಯ ಮೇಲೆ ನಾನು ಬೇಕೆಂದು ಸುಳ್ಳು ಹೇಳಿರಲಿಲ್ಲ. ಅಚ್ಚಾದ ಪುಟವನ್ನು ಓದಿ ಓದಿ, ಅದರ ಹಿಂದೆಯೇ ನನ್ನ ಮುಖ ನೋಡಿ ನೋಡಿ, ಅಕ್ಕನ ತವರನ್ನು ನನ್ನದೆಂದು ನಂಬಿಬಿಟ್ಟಿದ್ದೆ. ಸುಳ್ಳು ಹೇಳಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

"ತಪ್ಪಾಯ್ತು ಅಕ್ಕ. ಮುಂದಿನ ಪುಸ್ತಕಕ್ಕೆ ಇಬ್ಬರ ಹೆಸರನ್ನೂ ಬೇರೆ ಬೇರೆ ಹಾಕ್ಸಾನ. ಫೋಟೋನೂ ಎರಡು" ಅಂದೆ.

ಅಕ್ಕ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, "ಬ್ಯಾಡ ಬುಡು. ನಾನೊಬ್ಳೇ ಒಂದು ಬರ್ದು ನೋಡ್ತೀನಿ" ಅಂದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಸಮಾಧಾನ ಮಾಡಬಹುದಿತ್ತು.

ಅವರು ಬೇರೆ ನೋಟ್‌ಬುಕ್ಕು ತರಿಸಿಕೊಂಡರು. ನಾನು ನನ್ನ ಪಾಡಿಗೆ ಬರೆದೆ, ಆದರೆ ನಿಧಾನವಾಯಿತು. ಬಾಗಿಲಲ್ಲಿ ನಿಲ್ಲಿಸಿದವರನ್ನು ನಾನೇ ಒಳಗೆ ಕರೆಯಬೇಕಿತ್ತು. ಅಕ್ಕ ಒಬ್ಬರೇ ಬಸ್ಸು ಹತ್ತಿ ಹೋಗಿ ಅದೇ ಡಿಟಿಪಿ ಅಂಗಡಿಯಲ್ಲಿ ಪಕ್ಕದಲ್ಲೇ ಕೂತು ಟೈಪ್ ಮಾಡಿಸಿ ಬರುತ್ತಿದ್ದರು. ಮೊದಲ ಕತೆ ವಾಪಸು ಬಂತು. ಎರಡನೆಯದು ಅಚ್ಚಾಯಿತು. ಅವರ ಪೂರ್ತಿ ಹೆಸರು, ಫೋಟೋ ಇಲ್ಲ.

ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು ಅಕ್ಕ ಕೊಟ್ಟಿಗೆ ಕಡೆ ಹೊರಟುಹೋದರು. ಜಗಲಿಯಲ್ಲಿ ನಿಂತೇ ಓದತೊಡಗಿದೆ. ಮೂರನೇ ಪುಟಕ್ಕೆ ಬಂದರೂ ಕೂರುವುದು ನೆನಪಾಗಲಿಲ್ಲ. ಅಕ್ಕನ ಕತೆ ಹೇಗೆ ಮುಗಿಯುತ್ತದೆಂದು ನನಗೆ ಗೊತ್ತಿಲ್ಲದೆ ಇದ್ದದ್ದು ಅದೇ ಮೊದಲು.