ಕೋಟದಲ್ಲಿ ಸಿಕ್ಕಿದ ಸೀಟು

ನನ್ನ ಮಗಳು ಶಾರ್ಲೆಟ್ ಗೋಲ್‌ಕೀಪರ್. ಹಿಡಿಯಲು ಕಲಿತದ್ದು ತೆಂಗಿನಕಾಯಿಯಲ್ಲಿ. ನಮ್ಮ ಊರು ಕೆಮ್ಮಣ್ಣಿನಲ್ಲಿ ಕಾಯಿ ಲೋಡ್ ಮಾಡುವಾಗ ಕೆಳಗಿನವರು ಎರಡೆರಡು ಎಸೆಯುತ್ತಾರೆ, ಟೆಂಪೋದಲ್ಲಿ ನಿಂತವರು ಹಿಡಿಯಬೇಕು. ಹತ್ತು ವರ್ಷಕ್ಕೇ ಅವಳು ಟೆಂಪೋದಲ್ಲಿ ನಿಂತಿದ್ದಳು. ಒಂದು ಕಾಯಿಯೂ ಕೈತಪ್ಪಿದ್ದು ನಾನು ನೋಡಿಲ್ಲ.

ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದಳು. ಮಾರ್ಕು ಕಡಿಮೆ. ಮಣಿಪಾಲದಲ್ಲಿ ಅವಳ ಆಟ ನೋಡಿ ಕಾರ್ಕಳದ ಒಂದು ಕಾಲೇಜಿನ ಕೋಚ್ ನನ್ನ ನಂಬರ್ ಕೇಳಿದ್ದರಂತೆ. ಸೀಟು ಆಗದಿದ್ದರೆ ನಾಚಿಕೆ ಎಂದು ಅವಳು ಮನೆಯಲ್ಲಿ ಹೇಳಲಿಲ್ಲ. ನನಗೆ ಗೊತ್ತಾದದ್ದು ಆಮೇಲೆ.

ನನಗೆ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸ. ಐಸ್ ಪುಡಿ ಮಾಡುವ ಮೆಷಿನ್ ಓಡುತ್ತಿರುವಾಗ ಫೋನ್ ಬಂತು.

"ಲಿಯೋನೆಲ್ ಅವರಾ? ನಾನು ಕೋಚ್ ವೆರೊನಿಕಾ. ನಿಮ್ಮ ಮಗಳಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಉಂಟು. ಹಾಸ್ಟೆಲ್ ಸಹ ಫ್ರೀ."

ಕೋಟ ಇರುವುದು ಕುಂದಾಪುರದ ದಾರಿಯಲ್ಲಿ. ನಮಗೆ ದೂರ.

"ಕೋಟದಲ್ಲಿ ಬೇಡ ಮೇಡಂ."

"ಎಂತ ಹೇಳ್ತೀರಿ? ಕೋಟಾಕ್ಕೆ ಜನ ಕಾಯ್ತಾರೆ ಮಾರಾಯ್ರೆ."

"ಕಾಯ್ಲಿ. ನಮಗೆ ಕೋಟದಲ್ಲಿ ಯಾರೂ ಇಲ್ಲ."

"ಯಾರೂ ಇರ್ಬೇಕಂತ ಇಲ್ಲ. ಅವಳ ಆಟ ಸಾಕು."

"ಹುಡುಗಿ ಒಬ್ಬಳೇ ಹೇಗೆ ಇರೂದು? ಕಾಪುವಿನಲ್ಲಿ ಆದ್ರೆ ನನ್ನ ತಂಗಿ ಇದ್ದಾಳೆ."

"ಹಾಗಾದ್ರೆ ಕೋಟಾ ಬೇಡವೇ ಬೇಡ?"

"ಬೇಡ."

ಸರಿಯಾದದ್ದೇ ಮಾಡಿದೆ ಎಂದು ನಾನು ಕೆಲಸಕ್ಕೆ ತಿರುಗಿದೆ.

ಐದು ದಿನ ಕಳೆದ ಮೇಲೆ ಊಟ ಮಾಡುವಾಗ ಶಾರ್ಲೆಟ್ ಕೇಳಿದಳು. "ಪಪ್ಪಾ, ಕಾರ್ಕಳದಿಂದ ಫೋನ್ ಬಂತಾ?"

"ಇಲ್ಲ. ಕೋಟದಿಂದ ಬಂದಿತ್ತು. ಯಾರೋ ವೆರೊನಿಕಾ. ಬೇಡ ಅಂದೆ."

ಅವಳ ಕೈ ಬಟ್ಟಲಲ್ಲೇ ನಿಂತಿತು. "ಪಪ್ಪಾ, ಅದು ಊರಲ್ಲ!"

"ಊರಲ್ಲವಾ? ನಾನು ಅಲ್ಲಿಗೆ ಮದುವೆಗೆ ಹೋಗಿದ್ದೇನೆ ಬಾಯೆ."

ಆಟಗಾರರಿಗೆ ಬೇರೆ ಇಟ್ಟ ಸೀಟಿಗೆ ಕೋಟಾ ಎನ್ನುತ್ತಾರಂತೆ. ಬೇರೆ ಇಡುವುದು ಸರಿ. ಅದಕ್ಕೆ ಆ ಊರಿನ ಹೆಸರು ಯಾಕೆ? ಕೇಳುವ ಹಾಗಿರಲಿಲ್ಲ. ಅವಳು ಅಳುತ್ತಿದ್ದಳು. ಆ ಮಾರ್ಕಿಗೆ ಬೇರೆ ಕಡೆ ಸೀಟು ಸಿಗುವುದಿಲ್ಲ ಎಂದು ನನಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಕಾರ್ಕಳದ ಬಸ್ಸು ಹತ್ತಿದೆವು. ನಾನು ಆದದ್ದನ್ನು ಹೇಳಿದಾಗ ವೆರೊನಿಕಾ ಮೇಡಂ ಜೋರಾಗಿ ನಕ್ಕರು. ಮತ್ತೆ ನಗು ನಿಲ್ಲಿಸಿದರು.

"ನೀವು ಬೇಡ ಅಂದ್ರಿ ಅಲ್ವಾ? ಕಾಪುವಿನ ಯಶ್ಮಿತಾ ಅಂತ ಒಬ್ಬಳಿಗೆ ಹೇಳಿದ್ದೇನೆ. ಇವತ್ತು ಸೈನ್ ಹಾಕ್ಲಿಕ್ಕೆ ಬಂದಿದ್ದಾಳೆ. ಇರೂದು ಒಂದೇ ಸೀಟು."

ಮೇಡಂ ಇಬ್ಬರು ಹುಡುಗಿಯರನ್ನೂ ನೋಡಿದರು. ಕೊನೆಗೆ ಗ್ರೌಂಡಿಗೆ ಕರೆದರು. ಒಬ್ಬೊಬ್ಬರಿಗೆ ಹತ್ತು ಬಾಲ್. ಹೆಚ್ಚು ತಡೆದವರಿಗೆ ಸೀಟು.

ಯಶ್ಮಿತಾ ಆರು ತಡೆದಳು. ಶಾರ್ಲೆಟ್ ಮೊದಲ ಮೂರನ್ನೂ ಬಿಟ್ಟಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಆಮೇಲೆ ಬಾಲ್ ಕೈಗೆ ಬೀಳುವ ಶಬ್ದ ಮಾತ್ರ ಕೇಳಿದೆ. ಏಳು ಸಲ.

ತಿರುಗಿ ನೋಡಿದರೆ ಯಶ್ಮಿತಾ ಮೆಟ್ಟಿಲಲ್ಲಿ ಕುಳಿತು ಗ್ಲೌಸ್ ತೆಗೆಯುತ್ತಿದ್ದಳು. ಅವಳ ಅಮ್ಮ ನನ್ನನ್ನೇ ನೋಡುತ್ತಿದ್ದರು. ನಾನು ಫೋನಿನಲ್ಲಿ ಹೌದು ಎಂದಿದ್ದರೆ ಆ ಮಗು ಐದು ದಿನ ಆಸೆ ಇಟ್ಟುಕೊಳ್ಳುತ್ತಿರಲಿಲ್ಲ. ಖುಷಿ ಪಡಬೇಕಾ, ಕ್ಷಮೆ ಕೇಳಬೇಕಾ? ಗೊತ್ತಾಗಲಿಲ್ಲ. ಹತ್ತಿರ ಹೋಗಿ, "ಅಕ್ಕಾ, ತಪ್ಪು ನನ್ನದು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ನನಗೂ ಬರಲಿಲ್ಲ.

ಆಫೀಸಿನಲ್ಲಿ ಕ್ಲರ್ಕ್ ಫಾರ್ಮ್ ತುಂಬಿಸುತ್ತಾ, ತಲೆ ಎತ್ತದೆ ಕೇಳಿದರು. "ಕೋಟಾವಾ?"

"ಅಲ್ಲ ಸರ್, ಕೆಮ್ಮಣ್ಣು" ಎಂದೆ.

ಶಾರ್ಲೆಟ್ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಹೌದು ಸರ್, ಕೋಟಾ."