ಜೈನಾಬಿ ಕಿಟಕಿಗೆ ಹಿಡಿದ ಫಿಲ್ಮು

೧೯೭೮ರಲ್ಲಿ ಜೈನಾಬಿಗೆ ಮೂವತ್ತಾರು ವರ್ಷ. ಗಂಡ ತೀರಿಕೊಂಡಾಗಿನಿಂದ ಹರಿಹರದಿಂದ ದಿನಾ ಬೆಳಗಿನ ರೈಲಿಗೆ ದಾವಣಗೆರೆಗೆ ಬಂದು, ನಮ್ಮ ಹತ್ತಿ ಗಿರಣಿಯ ರೀಲಿಂಗ್ ಖಾತೆಯಲ್ಲಿ ನೂಲು ಸುತ್ತುತ್ತಿದ್ದಳು. ಪಕ್ಕದ ಮಷಿನ್ನು ನನ್ನದು. ನನ್ನನ್ನು ಕಸ್ತೂರಕ್ಕ ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳಿಗೆ ಎಡಪಕ್ಕೆಯಲ್ಲಿ ನೋವು ಶುರುವಾಯಿತು. ಬಂತೆಂದರೆ ನಿಂತಲ್ಲೇ ಮಡಚಿಕೊಂಡು ಕೂತುಬಿಡುವಳು. ಅರ್ಧ ಗಂಟೆಗೆ ಎದ್ದು ಮತ್ತೆ ನೂಲಿಗೆ ಕೈ ಹಚ್ಚುವಳು. ಹಾಗೆ ಎದ್ದು ನಿಂತದ್ದೇ ತಪ್ಪಾಯಿತು.

"ಬೆಳಗ್ಗೆ ಸಾಯ್ತಾಳೆ, ಮಧ್ಯಾಹ್ನ ನಗ್ತಾಳೆ. ಇದ್ಯಾವ ಸೀಮೆ ರೋಗ?" ಎಂದು ಸೂಪರ್‌ವೈಸರ್ ವಾಮದೇವಪ್ಪ ಎಲ್ಲರೆದುರು ಅಂದ.

ಗಿರಣಿಯ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಸುಳ್ಳು ಹೇಳಿ ಕೆಲಸ ತಪ್ಪಿಸಿದ್ದೇನೆ, ಕ್ಷಮಿಸಿ ಎಂದು ಬರೆದ ಕಾಗದವನ್ನು ವಾಮದೇವಪ್ಪ ಅವಳ ಮುಂದಿಟ್ಟ. ಹೆಬ್ಬೆಟ್ಟು ಒತ್ತಿದರೆ ಕೆಲಸ, ಇಲ್ಲದಿದ್ದರೆ ಗೇಟಿನಾಚೆ.

"ಓದಿ ಹೇಳ್ರಿ" ಎಂದಳು ಜೈನಾಬಿ. ಅವನು ಓದಿದ.

"ನಾನು ಸುಳ್ಳು ಹೇಳಿಲ್ಲ. ಒತ್ತಂಗಿಲ್ಲ."

"ಎಕ್ಸ್‌ರೇದಾಗೆ ಏನೂ ಇಲ್ಲಲ್ಲ?"

"ನಿಮ್ಮ ಎಕ್ಸ್‌ರೇಗೆ ಕಾಣ್ಲಿಲ್ಲ ಅಂದ್ರೆ ನನಗೆ ನೋವೇ ಇಲ್ಲ ಅಂತೇನ್ರಿ?"

ಅಷ್ಟು ಹೇಳಿ ಹೊರನಡೆದಳು. ಮಾರನೆಯ ದಿನ ನಾನು ರಜೆ ಹಾಕಿ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಡಾಕ್ಟರ್ ಶಾಂತಕುಮಾರಿ ಎಲ್ಲಾ ಕೇಳಿಸಿಕೊಂಡು, "ಕಿಡ್ನಿಯ ಕೆಲವು ಕಲ್ಲು ಬರೀ ಎಕ್ಸ್‌ರೇಗೆ ಕಾಣೋದಿಲ್ಲಮ್ಮ. ನರಕ್ಕೆ ಔಷಧಿ ಚುಚ್ಚಿ ಫಿಲ್ಮು ತೆಗೆಯಬೇಕು. ಆ ಔಷಧಿ ಕಿಡ್ನಿಯಿಂದ ಮೂತ್ರದ ಜೊತೆ ಇಳಿಯೋವಾಗ ದಾರಿಯೆಲ್ಲ ಬೆಳ್ಳಗೆ ಕಾಣುತ್ತೆ" ಎಂದರು.

ಡಾಕ್ಟರು ಹೇಳಿದ ದಿನ ಜೈನಾಬಿ, ಹಿಂದಿನ ಸಂಜೆಯೇ ಹರಳೆಣ್ಣೆ ಕುಡಿದು ಹೊಟ್ಟೆ ಖಾಲಿ ಮಾಡಿಕೊಂಡು, ಹಸಿದುಕೊಂಡೇ ಬಂದಳು. ಸೂಜಿ ಚುಚ್ಚುವ ಮುಂಚೆ ಎಕ್ಸ್‌ರೇ ತೆಗೆಯುವ ಹಿದಾಯತ್, "ಮೈಯೆಲ್ಲ ಬಿಸಿ ಆದಂಗಾಗ್ತೈತೆ ಆಪಾ, ಹೆದರಬ್ಯಾಡ್ರಿ" ಎಂದ. ಐದು ನಿಮಿಷಕ್ಕೊಂದು, ಕಾಲು ಗಂಟೆಗೊಂದು, ಅರ್ಧ ಗಂಟೆಗೊಂದು ಫಿಲ್ಮು ತೆಗೆದ. ಬಲಗಡೆಯ ಕಿಡ್ನಿ ಚೆನ್ನಾಗಿ ಮೂಡಿತು. ಎಡಗಡೆ ಬರೀ ಮಸುಕು.

"ಇದು ನಿಧಾನ ಐತೆ. ಕಾಯಬೇಕಾಗ್ತೈತೆ, ಎಷ್ಟೊತ್ತೋ ಗೊತ್ತಿಲ್ಲ" ಎಂದ ಹಿದಾಯತ್.

"ಕಾಯ್ತೀನಿ. ಕಾಣೋ ತನಕ ಇಲ್ಲಿಂದ ಏಳಂಗಿಲ್ಲ."

ಮಧ್ಯಾಹ್ನ ಎರಡರ ಫಿಲ್ಮಿನಲ್ಲಿ ಊದಿಕೊಂಡ ಎಡ ಕಿಡ್ನಿ ಬೆಳ್ಳಗೆ ಎದ್ದು ಕಂಡಿತು. ಅದರಿಂದ ಇಳಿದ ಬಿಳಿ ಗೆರೆ ಅರ್ಧದಲ್ಲೇ ನಿಂತಿತ್ತು. ನಿಂತ ಜಾಗದಲ್ಲಿ ಅವರೆಕಾಳಿನಷ್ಟು ಕಪ್ಪು.

"ಇದೇ ಕಲ್ಲು. ಆಪರೇಷನ್ ಮಾಡಿ ತೆಗೀಬೇಕು" ಎಂದರು ಡಾಕ್ಟರು. ಜೈನಾಬಿ, "ಮಾಡ್ರಿ. ಅದಕ್ಕೂ ಮೊದ್ಲು ಆ ಫಿಲ್ಮು ಒಂದಿನಕ್ಕೆ ಕೊಡ್ರಿ" ಅಂದಳು.

ಮಾರನೆಯ ಬೆಳಗ್ಗೆ ಗಿರಣಿಯ ಮ್ಯಾನೇಜರ್ ಕೋಣೆಗೆ ನೇರ ನುಗ್ಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ವಾಮದೇವಪ್ಪನೂ ಅಲ್ಲೇ ಇದ್ದ.

"ಇದು ನಿಂದೇ ಅನ್ನೋಕೆ ಏನು ಗ್ಯಾರಂಟಿ?" ಎಂದ ಅವನು.

"ಮೂಲೆಯಾಗೆ ಹೆಸರೈತೆ. ಅವತ್ತು ಕಾಗದ ಓದಿದ್ರಲ್ಲ, ಇದನ್ನೂ ಜೋರಾಗಿ ಓದ್ರಿ."

ಅವನು ಓದಿದ. ಮ್ಯಾನೇಜರು ತಾವೇ ಎದ್ದು ಬಂದು ಆ ಕಪ್ಪು ಜಾಗ ನೋಡಿದರು. "ರಜೆ ತಗೊಂಡು ಆಪರೇಷನ್ ಮಾಡಿಸ್ಕೊ. ಇದು ಇಲ್ಲಿಗೆ ಮುಗೀತು" ಎಂದರು.

"ಮುಗೀಲಿಲ್ಲ ಸಾಹೇಬ್ರೆ. ನಾನು ಸುಳ್ಳಿ ಅಂತ ಖಾತೆ ಮಂದಿ ಮುಂದೆ ಅಂದಾರೆ. ಅಲ್ಲೇ ಬಂದು ಅಲ್ಲ ಅನ್ಲಿ."

ಪಾಳಿ ಬದಲಾಗುವ ಹೊತ್ತಿಗೆ ವಾಮದೇವಪ್ಪ ಬಂದು ನೆಲ ನೋಡಿಕೊಂಡು ಏನೋ ಗೊಣಗಿದ. ಮಷಿನ್ನಿನ ಸದ್ದಿಗೆ ಕೇಳಲಿಲ್ಲ ಎಂದು ಜೈನಾಬಿ ಇನ್ನೊಮ್ಮೆ ಹೇಳಿಸಿದಳು.

ಆಪರೇಷನ್ನಿನಲ್ಲಿ ಕಲ್ಲು ಹೊರಬಂತು, ಕಿಡ್ನಿ ಉಳಿಯಿತು. ಮೂರು ತಿಂಗಳಿಗೆ ವಾಪಸ್ಸು ಬಂದಾಗ ಹಗುರದ ಕೆಲಸ ಕೊಡುತ್ತೇವೆ ಎಂದರು. ಒಪ್ಪದೆ ತನ್ನ ಮಷಿನ್ನಿಗೇ ಬಂದು ನಿಂತಳು. ನೀರು ಜಾಸ್ತಿ ಕುಡಿಯಬೇಕೆಂದು ಡಾಕ್ಟರು ಹೇಳಿದ್ದರು. ಹಾಗಾಗಿ ದೊಡ್ಡ ತಂಬಿಗೆಯೊಂದನ್ನು ತಂದು ಕಾಲ ಬಳಿ ಇಟ್ಟುಕೊಂಡಳು.

"ಇಲ್ಲಿ ನೀರು ಇಡಂಗಿಲ್ಲ" ಎಂದ ವಾಮದೇವಪ್ಪ.

ಜೈನಾಬಿ ಲೋಟ ತುಂಬಿಕೊಂಡು, ಅವನ ಮುಖ ನೋಡುತ್ತಲೇ ಪೂರ್ತಿ ಕುಡಿದಳು. ಆಮೇಲೆ ಇನ್ನೊಂದು ಲೋಟ. ಅವನು ಸರಿದು ಹೋದ. ಮರುವಾರ ನಮ್ಮ ಸಾಲಿನಲ್ಲಿ ಆರು ತಂಬಿಗೆ ಇದ್ದವು. ಅದರಲ್ಲಿ ಒಂದು ನನ್ನದು.